ಕೃತಕ ಮಂಡಿ ಕೀಲು ಎಷ್ಟು ವರ್ಷ ಬಾಳುತ್ತದೆ?

ಪ್ರಶ್ನೆ: ಡಾಕ್ಟರ್, ನಮಸ್ಕಾರ. ನನ್ನ ತಾಯಿಗೆ 58 ವರ್ಷ. ಎರಡೂ ಮಂಡಿಗಳು ತೀರಾ ಸವೆದಿರುವುದರಿಂದ ಕೀಲು ಬದಲಿ ಶಸ್ತ್ರಚಿಕಿತ್ಸೆಯ ಸಲಹೆ ಬಂದಿದೆ. ಆದರೆ ಹತ್ತು ವರ್ಷಕ್ಕೆ ಅದನ್ನು ಮತ್ತೆ ಬದಲಾಯಿಸಬೇಕಾಗುತ್ತದೆ, ಆದಷ್ಟು ಮುಂದೂಡಿ ಎಂದು ಬಂಧುಗಳು ಹೇಳುತ್ತಿದ್ದಾರೆ. ಇದು ನಿಜವೇ?

ಉತ್ತರ (ಮೂಳೆ ಮತ್ತು ಕೀಲು ತಜ್ಞರು): ನಮಸ್ಕಾರ. ಹತ್ತು ವರ್ಷದ ಮಾತಿಗೆ ಇಂದು ಆಧಾರವಿಲ್ಲ. ಆಸ್ಟ್ರೇಲಿಯಾ ಮತ್ತು ಫಿನ್ಲೆಂಡ್‌ಗಳ ರಾಷ್ಟ್ರೀಯ ದಾಖಲೆಗಳನ್ನು ಆಧರಿಸಿ 2019ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಪೂರ್ಣವಾಗಿ ಬದಲಿಸಿದ ಮಂಡಿಗಳಲ್ಲಿ ಸುಮಾರು ಶೇ 82ರಷ್ಟು 25 ವರ್ಷ ಕಳೆದರೂ ಮರುಶಸ್ತ್ರಚಿಕಿತ್ಸೆಯಿಲ್ಲದೆ ಉಳಿದಿದ್ದವು. ಭಾಗಶಃ ಬದಲಿಸಿದ ಮಂಡಿಗಳಲ್ಲಿ ಈ ಪ್ರಮಾಣ ಸುಮಾರು ಶೇ 70. ಆದರೂ ವಯಸ್ಸಿನ ಲೆಕ್ಕ ಮುಖ್ಯ. 70 ದಾಟಿದ ಮೇಲೆ ಮಾಡಿಸಿಕೊಂಡವರಿಗೆ ಜೀವಿತಾವಧಿಯಲ್ಲಿ ಮತ್ತೊಮ್ಮೆ ಶಸ್ತ್ರಚಿಕಿತ್ಸೆ ಬೇಕಾಗುವ ಸಾಧ್ಯತೆ ಸುಮಾರು ಶೇ 5 ಇದ್ದರೆ, ಐವತ್ತರ ಆರಂಭದಲ್ಲೇ ಮಾಡಿಸಿಕೊಂಡ ಗಂಡಸರಲ್ಲಿ ಅದು ಶೇ 35ರವರೆಗೆ ಏರುತ್ತದೆ. ಹೆಂಗಸರಲ್ಲಿ ಇದಕ್ಕಿಂತ ಕಡಿಮೆ.

ಕೀಲು ಉಳಿಯುವುದು ಬೇರೆ, ನೋವು ಹೋಗುವುದು ಬೇರೆ ಎಂಬುದನ್ನು ಮಾತ್ರ ದಯವಿಟ್ಟು ಮರೆಯಬೇಡಿ. ಶಸ್ತ್ರಚಿಕಿತ್ಸೆ ಸರಿಯಾಗಿಯೇ ಆಗಿದ್ದರೂ ಹತ್ತರಲ್ಲಿ ಒಬ್ಬಿಬ್ಬರಿಗೆ ಪೂರ್ಣ ಸಮಾಧಾನ ಸಿಗುವುದಿಲ್ಲ. ಎಕ್ಸ್-ರೇಯಲ್ಲಿ ಸವೆತ ಅಲ್ಪವಾಗಿದ್ದು, ನೋವಿನ ಮೂಲ ಸೊಂಟದಲ್ಲೋ ಬೆನ್ನಿನಲ್ಲೋ ಇರುವವರು ಇವರಲ್ಲಿ ಹೆಚ್ಚು. ನಿಮ್ಮ ತಾಯಿಯವರಂತೆ ಮೂಳೆಗೆ ಮೂಳೆ ತಾಗುವಷ್ಟು ಸವೆದವರಿಗೆ ಸಾಮಾನ್ಯವಾಗಿ ಒಳ್ಳೆಯ ಫಲವೇ ಸಿಗುತ್ತದೆ. ವರ್ಷಗಟ್ಟಲೆ ಮುಂದೂಡಿದರೆ ತೊಡೆಯ ಮುಂಭಾಗದ ಸ್ನಾಯು ಸೊರಗುತ್ತದೆ, ಮಂಡಿ ನೆಟ್ಟಗಾಗದೆ ಬಿಗಿದುಕೊಳ್ಳುತ್ತದೆ. ಮೊದಲು ಎಷ್ಟು ಮಡಿಸಲು ಬರುತ್ತಿತ್ತು ಎಂಬುದೇ ಮುಂದೆ ಎಷ್ಟು ಮಡಿಸಬಹುದು ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ. ಆದ್ದರಿಂದ ವಯಸ್ಸೊಂದನ್ನೇ ನೋಡಿ ಕಾಯುವುದನ್ನು ನಾನು ಒಪ್ಪುವುದಿಲ್ಲ. ವ್ಯಾಯಾಮ, ತೂಕ ಇಳಿಕೆ, ಔಷಧಗಳನ್ನು ಪ್ರಾಮಾಣಿಕವಾಗಿ ಪ್ರಯತ್ನಿಸಿಯೂ ರಾತ್ರಿ ನಿದ್ರೆಗೆಡುತ್ತಿದ್ದರೆ, ನಡಿಗೆ ಕುಗ್ಗುತ್ತಿದ್ದರೆ, ಅದು ಸರಿಯಾದ ಸಮಯ.

ಇನ್ನೊಬ್ಬ ಸದಸ್ಯರ ಪ್ರಶ್ನೆ: ಸರ್, ನನಗೆ ಶಸ್ತ್ರಚಿಕಿತ್ಸೆಯಾಗಿ ಏಳು ವರ್ಷವಾಯಿತು. ಗಾಯದ ಗುರುತಿನ ಹೊರಬದಿ ಇಂದಿಗೂ ಮರಗಟ್ಟಿದಂತಿದೆ, ಮಂಡಿಯೂರಲು ಹೆದರಿಕೆಯಾಗುತ್ತದೆ. ಕೀಲು ಕೆಡುತ್ತಿದೆಯೇ?

ಉತ್ತರ: ಇಲ್ಲ. ಚರ್ಮದ ಸಣ್ಣ ನರವೊಂದು ಛೇದನದ ದಾರಿಯಲ್ಲೇ ಇರುವುದರಿಂದ ಆ ಭಾಗ ಮರಗಟ್ಟುತ್ತದೆ. ಹಲವರಲ್ಲಿ ಅದು ಹಾಗೇ ಉಳಿಯುತ್ತದೆ. ಗಾಯ ಪೂರ್ತಿ ಮಾಗಿರುವುದರಿಂದ ದಪ್ಪ ಬಟ್ಟೆಯ ಮೇಲೆ ನಿಧಾನವಾಗಿ ಮಂಡಿಯೂರಿದರೆ ಕೀಲಿಗೆ ಸಾಮಾನ್ಯವಾಗಿ ಹಾನಿಯಿಲ್ಲ. ನಾವು ಗಂಭೀರವಾಗಿ ಪರಿಗಣಿಸುವುದು ವರ್ಷಗಳ ಕಾಲ ಚೆನ್ನಾಗಿದ್ದ ಮಂಡಿಯಲ್ಲಿ ಹೊಸದಾಗಿ ಶುರುವಾಗುವ ನೋವನ್ನು. ಎದ್ದು ನಿಂತ ಮೊದಲ ನಾಲ್ಕು ಹೆಜ್ಜೆಗಳಲ್ಲಿ ಚುಚ್ಚುವ ನೋವು ಬಂದರೆ, ಕೃತಕ ಕೀಲಿನಲ್ಲಿರುವ ಪ್ಲಾಸ್ಟಿಕ್ ಸವೆದು ಉದುರಿದ ಕಣಗಳಿಂದ ಸುತ್ತಲಿನ ಮೂಳೆ ಕರಗಿ ಕೀಲು ಸಡಿಲಗೊಂಡಿರಬಹುದು, ಎಕ್ಸ್-ರೇ ತೆಗೆಸಿ. ಬಿಸಿ, ಊತ, ಜ್ವರವಿದ್ದರೆ ಸೋಂಕಿನ ಶಂಕೆಯಿಂದ ಅಂದೇ ತಜ್ಞರನ್ನು ಕಾಣಿ. ಅವರು ಕೀಲಿನ ದ್ರವವನ್ನು ಪರೀಕ್ಷೆಗೆ ತೆಗೆಯುವ ಮೊದಲು ಸ್ವಂತವಾಗಿ ಆಂಟಿಬಯಾಟಿಕ್ ಮಾತ್ರೆ ನುಂಗಬೇಡಿ, ಏಕೆಂದರೆ ಆಮೇಲೆ ರೋಗಾಣು ಯಾವುದೆಂದು ಪತ್ತೆಹಚ್ಚುವುದು ಕಷ್ಟವಾಗುತ್ತದೆ.