ಆಯುಧಪೂಜೆ, ಭಾನುವಾರದ ಶಿಫ್ಟ್, ಬಾಡಿಗೆ ಮನೆಯ ಪ್ರಾರ್ಥನೆ: ನಂಬಿಕೆ ಮುಚ್ಚಿಡದೆ ಬದುಕೋದು ಹೇಗೆ?

ಪ್ರಶ್ನೆ (ಊರು ಹಾಸನ, ಬೆಂಗಳೂರಿನಲ್ಲಿ ಹೊಸ ಕೆಲಸ):
ನಮ್ಮ ಟೀಮಿನಲ್ಲಿ ನಾನೊಬ್ಬಳೇ ಕ್ರೈಸ್ತಳು. ಆಯುಧಪೂಜೆಗೆ ಆರತಿ, ಕುಂಕುಮ, ಪ್ರಸಾದ ಬಂದಾಗ ಏನು ಮಾಡಲಿ? ಭಾನುವಾರದ ಆರಾಧನೆ ತಪ್ಪದ ಹಾಗೆ ಶಿಫ್ಟ್ ಕೇಳೋದು ಹೇಗೆ? ಬಾಡಿಗೆ ಮನೆಯಲ್ಲಿ ವಾರಕ್ಕೊಮ್ಮೆ ಪ್ರಾರ್ಥನೆ ಕೂಟ ನಡೆಸಬಹುದಾ? ತಿಳಿದವರು ಹೇಳಿ.

ಉತ್ತರ (ಎಚ್.ಆರ್. ಕೆಲಸದವರು):
ಸಿಸ್ಟರ್, ಆ ದಿನ ಜ್ವರ ಅಂತ ರಜೆ ಹಾಕಬೇಡಿ. ಸುಳ್ಳು ಹೇಳಿ ತಪ್ಪಿಸಿಕೊಂಡರೆ ಮುಂದಿನ ವರ್ಷವೂ ಅದೇ ಸುಳ್ಳು ಬೇಕಾಗುತ್ತೆ, ನಿಮ್ಮ ನಂಬಿಕೆಯ ಬಗ್ಗೆ ಯಾರಿಗೂ ಏನೂ ತಿಳಿದಿರೋದಿಲ್ಲ. ಒಂದು ವಾರ ಮುಂಚೆಯೇ ಮ್ಯಾನೇಜರ್ ಹತ್ತಿರ ನೇರವಾಗಿ ಹೇಳಿ: "ಪೂಜೆ ಹೊತ್ತಲ್ಲಿ ನಾನು ಎಲ್ಲರ ಜೊತೆ ನಿಂತಿರ್ತೀನಿ, ಆರತಿ ಕುಂಕುಮ ತಗೊಳ್ಳಲ್ಲ. ಸಿಸ್ಟಮ್ ಒರೆಸೋದು, ಊಟ ಬಡಿಸೋದು ನಂಗೆ ಬಿಡಿ." ಇಷ್ಟೇ ಸಾಕು, ದೇವಶಾಸ್ತ್ರದ ಪಾಠ ಬೇಡ. ಆರತಿ ತಟ್ಟೆ ಎದುರು ಬಂದ ಮೇಲೆ ವಿವರಿಸಲು ಹೋದರೆ ತಟ್ಟೆ ಹಿಡಿದವರಿಗೆ ಅವಮಾನ ಮಾಡಿದ ಹಾಗಾಗುತ್ತೆ. ಎಡವಟ್ಟಾಗೋದು ಹೆಚ್ಚಾಗಿ ಅಲ್ಲೇ.

ಪ್ರಸಾದ ಕೊಟ್ಟಾಗ ಬೇಡ ಅನ್ನಿಸಿದರೆ ಕೈ ಮುಗಿದು "ಕ್ಷಮಿಸಿ, ನಾನು ತಗೊಳ್ಳಲ್ಲ" ಅನ್ನಿ. ತಗೊಂಡು ಆಮೇಲೆ ಡಸ್ಟ್‌ಬಿನ್‌ಗೆ ಮಾತ್ರ ಹಾಕಬೇಡಿ. ಹೌಸ್‌ಕೀಪಿಂಗ್‌ನವರ ಕಣ್ಣಿಗೆ ಬಿದ್ದೇ ಬೀಳುತ್ತೆ, ಅದರಿಂದ ಆಗೋ ನೋವು ದೊಡ್ಡದು. ಅಂಗಡಿಯಿಂದ ತಂದು ಹಂಚೋ ಸ್ವೀಟ್ ಬಾಕ್ಸ್ ಧಾರಾಳವಾಗಿ ತಿನ್ನಿ.

ಭಾನುವಾರಕ್ಕೆ ಬರೀ ರಿಯಾಯಿತಿ ಕೇಳಬೇಡಿ, ಅದಲುಬದಲು ಕೇಳಿ. "ಭಾನುವಾರ ಬೆಳಿಗ್ಗೆ 7ರಿಂದ 11 ಬಿಟ್ಟುಕೊಡಿ, ಯುಗಾದಿ, ಗಣೇಶ ಹಬ್ಬ, ದೀಪಾವಳಿಯ ಡ್ಯೂಟಿ ನಾನು ಮಾಡ್ತೀನಿ" ಅಂದರೆ ಬೇಡ ಅನ್ನೋ ಟೀಮ್ ಅಪರೂಪ. ರೋಸ್ಟರ್ ಹಾಕೋ ಮೊದಲೇ ಮೇಲ್‌ನಲ್ಲಿ ಬರೆದು ಕೇಳಿ. ಶನಿವಾರ ರಾತ್ರಿ ಫೋನ್ ಮಾಡಿದರೆ ಕೆಲಸ ಕೆಡುತ್ತೆ. ಶುಭ ಶುಕ್ರವಾರದ (ಗುಡ್ ಫ್ರೈಡೇ) ರಜೆಯದ್ದೂ ಹಾಗೇ. ಕರ್ನಾಟಕದ 1963ರ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯ್ದೆಯಲ್ಲಿ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಖಾಯಂ. ಉಳಿದ 5 ಹಬ್ಬಗಳು ಆಯಾ ಸಂಸ್ಥೆಯಲ್ಲಿ ತೀರ್ಮಾನ ಆಗೋವು. ಹೊಸ ವರ್ಷದ ಪಟ್ಟಿ ಹೊರಬೀಳೋ ಮುಂಚೆ, ಡಿಸೆಂಬರ್ ಆರಂಭದಲ್ಲೇ ಕೇಳಿ. ದಿನಾಂಕ ವರ್ಷ ವರ್ಷ ಬದಲಾಗೋದರಿಂದ ಬರೆದೇ ಕೊಡಿ: 2027ಕ್ಕೆ ಶುಭ ಶುಕ್ರವಾರ ಮಾರ್ಚ್ 26.

ಉತ್ತರ (ಕಥೋಲಿಕ ಉಪದೇಶಿ):
ಪ್ರಸಾದದ ವಿಚಾರದಲ್ಲಿ ಎಲ್ಲ ಕ್ರೈಸ್ತ ಸಭೆಗಳದ್ದೂ (ಚರ್ಚ್‌ಗಳದ್ದೂ) ಒಂದೇ ಮಾತಲ್ಲ, ನಿಮ್ಮ ಚರ್ಚಿನ ಪಾಲಕರನ್ನು ಒಮ್ಮೆ ಕೇಳಿ. ಬೈಬಲಿನಲ್ಲಿ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದ 10ನೇ ಅಧ್ಯಾಯ, 25ರಿಂದ 29ನೇ ವಚನ ಓದಿ. ಪೇಟೆಯಲ್ಲಿ ಮಾರಿದ್ದನ್ನು ವಿಚಾರಿಸದೆ ತಿನ್ನಿ, ನೈವೇದ್ಯ ಅಂತ ಯಾರಾದರೂ ಹೇಳಿದರೆ ಹೇಳಿದವರ ಸಲುವಾಗಿ ಬಿಡಿ ಅನ್ನೋದು ಪೌಲರ ಸಲಹೆ. ತಿಂಡಿಗಿಂತ ಎದುರಿನವರ ಮನಸ್ಸಾಕ್ಷಿ ಅಲ್ಲಿ ಮುಖ್ಯ.

ಉತ್ತರ (ವಕೀಲರು):
ಸ್ವಂತ ಮನೆಯಾಗಲಿ ಬಾಡಿಗೆ ಮನೆಯಾಗಲಿ, ನಾಲ್ಕು ಜನ ಕೂತು ಪ್ರಾರ್ಥಿಸೋದು ಸಂವಿಧಾನದ 25ನೇ ವಿಧಿ ಕೊಟ್ಟ ಹಕ್ಕು. ಆದರೂ ಓನರ್‌ಗೆ ಮೊದಲೇ ಹೇಳಿ. ಬಾಡಿಗೆ ಕರಾರಿನಲ್ಲಿ ಕೂಟಗಳ ಬಗ್ಗೆ ಷರತ್ತು ಇದೆಯಾ ನೋಡಿ. 10–12 ಜನ, ಸಂಜೆ 7ರಿಂದ 8.15, ಮೈಕ್ ಬೇಡವೇ ಬೇಡ. ವಸತಿ ಪ್ರದೇಶದಲ್ಲಿ ಶಬ್ದದ ಮಿತಿ ಹಗಲು 55, ರಾತ್ರಿ 45 ಡೆಸಿಬಲ್. ಕೀಬೋರ್ಡ್‌ಗೆ ಆಂಪ್ಲಿಫೈಯರ್ ಹಾಕಿದರೆ ಮಿತಿ ದಾಟೋದು ಸುಲಭ. ಜಗಳ ಹೆಚ್ಚಾಗಿ ಶುರುವಾಗೋದು ಶಬ್ದದಿಂದ, ಇಲ್ಲವೇ ಪಕ್ಕದ ಮನೆ ಗೇಟಿಗೆ ಅಡ್ಡ ನಿಂತ ಬೈಕಿನಿಂದ.

ಕರ್ನಾಟಕದ 2022ರ ಮತಾಂತರ ಸಂಬಂಧಿ ಕಾಯ್ದೆಯಲ್ಲಿ ಉಡುಗೊರೆ, ಹಣ, ಉದ್ಯೋಗ, ಉಚಿತ ಶಿಕ್ಷಣದ ಭರವಸೆ ಎಲ್ಲವೂ 'ಆಮಿಷ'ದ ವ್ಯಾಪ್ತಿಗೆ ಬರುತ್ತವೆ. ಅದನ್ನು ರದ್ದುಪಡಿಸಲು 2023ರ ಜೂನ್‌ನಲ್ಲಿ ಸಂಪುಟ ತೀರ್ಮಾನಿಸಿತು, ಆದರೆ ಸಂಪುಟದ ತೀರ್ಮಾನ ಒಂದರಿಂದಲೇ ಕಾಯ್ದೆ ಹೋಗೋದಿಲ್ಲ. ಆದ್ದರಿಂದ ರೇಷನ್ ಕಿಟ್, ಬಟ್ಟೆ ಹಂಚೋ ಕೆಲಸವನ್ನು ಪ್ರಾರ್ಥನೆಯ ದಿನ, ಪ್ರಾರ್ಥನೆಯ ಜಾಗದಲ್ಲಿ ಮಾಡಲೇಬೇಡಿ. ಸಹಾಯ ಬೇರೆ ದಿನ, ಧರ್ಮ ಕೇಳದೆ ಮಾಡಿ. ಬೇರೆಯವರ ದೇವರನ್ನು ಹಳಿಯೋ ಮಾತು ಕೂಟದಲ್ಲಿ ಬಂದರೆ ಅಲ್ಲೇ ನಿಲ್ಲಿಸಿ. ಬಂದವರ ವಿಡಿಯೊ ಕೇಳದೆ ಸ್ಟೇಟಸ್‌ಗೆ ಹಾಕಬೇಡಿ.

ಗುಂಪು ಬಂದು ತಡೆದರೆ ವಾದಕ್ಕೆ ಇಳಿಯಬೇಡಿ. ಒಬ್ಬರು ಮಾತ್ರ ಮಾತಾಡಲಿ, ಇನ್ನೊಬ್ಬರು 112ಕ್ಕೆ ಕರೆ ಮಾಡಲಿ, ಮತ್ತೊಬ್ಬರು ಸಮಯ ಸಮೇತ ಬರೆದಿಡಲಿ. ಕಾನೂನುಬದ್ಧ ಪ್ರಾರ್ಥನೆಗೆ ಬೇಕಂತಲೇ ಅಡ್ಡಿ ಮಾಡೋದು ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 300ರ ಅಪರಾಧ. ದೂರು ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ. ಎಫ್‌ಐಆರ್ ಪ್ರತಿ ಉಚಿತ.

ಉತ್ತರ (ಸ್ತ್ರೀ ಸಂಘದವರು):
ನೋಡಮ್ಮ, ಅಕ್ಕಪಕ್ಕದವರಿಗೆ ನಿನ್ನ ಮುಖಪರಿಚಯ ಕ್ರಿಸ್‌ಮಸ್‌ಗಿಂತ ಮುಂಚೆಯೇ ಆಗಿರಲಿ. ಹಬ್ಬಕ್ಕೆ ಕೇಕು, ಕರ್ಜಿಕಾಯಿ, ಚಕ್ಕುಲಿ ಕೊಡುವಾಗ ಯಾವುದರಲ್ಲಿ ಮೊಟ್ಟೆ ಇದೆ ಅಂತ ಡಬ್ಬಿ ಮೇಲೇ ಬರೆ. ಅಚ್ಚಿನ ಹೂವಿನ ತಿಂಡಿಗೂ ಮೊಟ್ಟೆ ಹಾಕೋದುಂಟು, ಸಸ್ಯಾಹಾರಿಗಳ ಮನೆಗೆ ಅದನ್ನು ಬಿಟ್ಟು ಉಳಿದದ್ದು ಕೊಡು. ಡಬ್ಬಿಯೊಳಗೆ ಕರಪತ್ರ ಇಡಬೇಡ. ಏನು ಹಬ್ಬ, ಯಾಕೆ ಅಂತ ಅವರೇ ಕೇಳ್ತಾರೆ. ಆಗ ಯೇಸುವಿನ ಹುಟ್ಟಿನ ಬಗ್ಗೆ ತಡವರಿಸದೆ ಹೇಳು.