ಪದ ಬೇಕು: ಹಳದಿಗಟ್ಟದ ಎಪಾಕ್ಸಿ ಫಿನಿಶ್‌ಗೆ ಕನ್ನಡದಲ್ಲಿ ಏನು ಬರೆಯೋಣ? ನಾಳೆ ಸಂಜೆಗೆ ಬೇಕು

ಬದಿಯಡ್ಕದಿಂದ:

ಗಡಿನಾಡಿನ ನಮ್ಮ ಗುಂಪಿನ ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅವಸರದಲ್ಲಿ ಕೇಳುತ್ತಿದ್ದೇನೆ. ನನ್ನ ತಮ್ಮ ಕ್ಯೂಗಳನ್ನು, ಅಂದರೆ ಮೇಜಿನ ಮೇಲೆ ಆಡುವ ಪೂಲ್ ಆಟದಲ್ಲಿ ಚೆಂಡು ಹೊಡೆಯುವ ಕೋಲುಗಳನ್ನು, ಕೈಯಲ್ಲೇ ಮಾಡುತ್ತಾನೆ. ಮೇಪಲ್ ಮರವನ್ನು ಲೇತಿಗೆ ಕಟ್ಟಿ, ಕಡೆದು, ಉಜ್ಜಿ, ಮೇಲೆ ಎಪಾಕ್ಸಿ ಹಚ್ಚುತ್ತಾನೆ. ಕ್ಯೂ ಜೊತೆ ಕೊಡುವ ಚೀಟಿಯಲ್ಲಿ ಮಲಯಾಳ, ಇಂಗ್ಲಿಷಿನ ಜೊತೆ ಕನ್ನಡವೂ ಇರಲೇಬೇಕು ಅಂತ ಹಟ ಹಿಡಿದವಳು ನಾನು. ಈಗ ಉಳಿದೆರಡೂ ಆಗಿವೆ, ಕನ್ನಡದ ಜಾಗ ಖಾಲಿ ಇದೆ. ಪ್ರೆಸ್ಸಿನವರು ನಾಳೆ ಸಂಜೆಯವರೆಗೆ ಕಾಯುತ್ತಾರಂತೆ.

ಚೀಟಿಗೆ ಒಂದು ಸಾಲು ಬೇಕು: ಬಣ್ಣವಿಲ್ಲದ, ಹಳದಿಯಾಗದ ಎಪಾಕ್ಸಿ ಫಿನಿಶ್ ಅನ್ನುವುದಕ್ಕೆ. ಹಾಗೇ ಎಪಾಕ್ಸಿಗೆ ಬೆರೆಸುವ ಎರಡು ದ್ರವ ಇವೆ: ರೆಸಿನ್, ಅದನ್ನು ಗಟ್ಟಿ ಮಾಡುವ ಹಾರ್ಡನರ್. ಶೆಡ್ಡಿನ ಗೋಡೆಗೆ ಅಂಟಿಸಲು ಇವೆರಡಕ್ಕೆ ಕೆಲಸದ ಹುಡುಗರಿಗೆ ಅರ್ಥವಾಗುವ ಹೆಸರು.

ನಾನು ಬರೆದಿಟ್ಟದ್ದು "ತಿಳಿ ಹಳದಿಗಟ್ಟದ ಲೇಪನ" ಅಂತ. ತಮ್ಮ ಓದಿ, "ಅಕ್ಕ, ಇದು ತಿಳಿಹಳದಿ ಬಣ್ಣದ್ದಾ?" ಅಂದ. ಅಲ್ಲಿಗೆ ನನ್ನ ಧೈರ್ಯ ಹೋಯಿತು.

ಇಷ್ಟು ತಲೆಬಿಸಿ ಯಾಕೆ ಅಂದರೆ, ಎರಡು ವರ್ಷದ ಹಿಂದೆ ಮಾರಿದ ಒಂದು ಕ್ಯೂ ಮೊನ್ನೆ ವಾಪಸು ಬಂತು. ತೆಗೆದುಕೊಂಡವರು ಹಿಡಿಗೆ ರಬ್ಬರಿನ ಕವಚ ಹಾಕಿದ್ದರು. ಅದನ್ನು ಜಾರಿಸಿ ನೋಡಿದರೆ ಒಳಗಿನ ಮರ ಆಗಷ್ಟೇ ಒಡೆದ ತೆಂಗಿನಕಾಯಿಯ ಹೋಳಿನ ಹಾಗೆ ಬೆಳ್ಳಗಿದೆ. ಕವಚದ ಅಂಚು ದಾಟಿದ ಕೂಡಲೇ ಹಳೇ ತುಪ್ಪದ ಬಣ್ಣ. ಗೆರೆ ಎಳೆದ ಹಾಗೆ ಕಾಣುತ್ತಿತ್ತು. ಕ್ಯೂ ಇಡೀ ದಿನ ಕಿಟಕಿಯ ಪಕ್ಕ ಇರುತ್ತಿತ್ತಂತೆ. ಆ ಎಪಾಕ್ಸಿಯ ಡಬ್ಬಿಯ ಮೇಲೂ ಹಳದಿಯಾಗುವುದಿಲ್ಲ ಅಂತಲೇ ಇತ್ತು. ತಮ್ಮ ದುಡ್ಡು ವಾಪಸು ಕೊಟ್ಟ. ಆದ್ದರಿಂದ ಈ ಸಲದ ಸಾಲು ಸರಿಯಾಗಿರಬೇಕು.

ಹೊಸೂರಿನಿಂದ:

"ಲೇಪನ" ಬೇಡ. ತಿಳಿ ಕನ್ನಡ, ಲೇಪನ ಸಂಸ್ಕೃತ. ನಾಳೆ ಯಾರಾದರೂ ಕೂಡಿಸಿ "ತಿಳಿಲೇಪನ" ಅನ್ನುತ್ತಾರೆ. ಅರಿಸಮಾಸ.

"ಎಪಾಕ್ಸಿ" ತಾನೇ ಯಾಕೆ? ನಮ್ಮಲ್ಲಿ "ಅರಗು" ಇದೆ. ತಮಿಳಿನಲ್ಲಿ ಅರಕ್ಕು, ಮಲಯಾಳದಲ್ಲೂ ಹೆಚ್ಚುಕಡಿಮೆ ಅದೇ. ಬಿಸಿಗೆ ಅರಗುವುದು ಅರಗು. ಹೆಸರಿನಲ್ಲೇ ಕ್ರಿಯಾಪದ ಕೂತಿದೆ. ಚನ್ನಪಟ್ಟಣದಲ್ಲಿ ಹಾಲೆಮರದ ಗೊಂಬೆ ಲೇತಿನಲ್ಲಿ ತಿರುಗುತ್ತಿರುವಾಗಲೇ ಅರಗಿನ ಕಡ್ಡಿ ಒತ್ತಿ ಬಣ್ಣ ಹತ್ತಿಸುತ್ತಾರೆ. ನಿಮ್ಮ ತಮ್ಮ ಮಾಡುವುದೂ ಅದೇ ಕೆಲಸ ಅಲ್ವಾ? "ತಿಳಿಯರಗು" ಅನ್ನಿ. ಸಂಧಿಯೂ ಸರಿ, ಪದವೂ ಅಚ್ಚಗನ್ನಡ.

ಕುಂಬಳೆಯಿಂದ:

ಅರಗು ಅಚ್ಚಗನ್ನಡ ಅಲ್ಲ. ಸಂಸ್ಕೃತದ ಲಾಕ್ಷಾ, ಅದರ ಇನ್ನೊಂದು ರೂಪ ರಾಕ್ಷಾ. ಅಲ್ಲಿಂದ ಅರಕ್ಕು, ಅರಗು ಅಂತ ಬಿಡಿಸುತ್ತಾರೆ. ರಕಾರದಿಂದ ಶುರುವಾಗುವ ಪದದ ಮೊದಲಿಗೆ ಅಕಾರ ಸೇರಿಸಿಕೊಳ್ಳುವುದು ನಮ್ಮ ನಾಲಿಗೆಯ ಅಭ್ಯಾಸ. ರಾಜ ಅರಸನಾದದ್ದೂ ಹೀಗೇ ಅನ್ನುತ್ತಾರೆ. ಇಂಗ್ಲಿಷಿನ ಲ್ಯಾಕರ್ ಕೂಡ ಅದೇ ಬೇರಿನದ್ದು. ಹಾಗಾಗಿ ಅರಗುವ ಕ್ರಿಯಾಪದವನ್ನು ತಂದು ಇಲ್ಲಿ ಅಂಟಿಸಬೇಡಿ.

ಆದೋನಿಯಿಂದ:

ಫಿನಿಶ್ ಆಮೇಲೆ ನೋಡೋಣ. "ಕ್ಯೂ" ಅಂತ ಹಾಗೇ ಬಿಡುತ್ತೀರಾ? ಅದು ಫ್ರೆಂಚಿನಲ್ಲಿ ಬಾಲ. ಮೊದಲು ದಪ್ಪ ತಲೆಯ ಕೋಲಿನಿಂದ ಚೆಂಡು ತಳ್ಳುತ್ತಿದ್ದರು. ಚೆಂಡು ಮೇಜಿನ ಅಂಚಿಗೆ ಒತ್ತಿಕೊಂಡರೆ ಆ ತಲೆ ತಾಗುತ್ತಿರಲಿಲ್ಲ, ಆಗ ಕೋಲನ್ನು ತಿರುಗಿಸಿ ಬಾಲದಿಂದ ಹೊಡೆಯುತ್ತಿದ್ದರು. ಬಾಲವೇ ಆಮೇಲೆ ಆಟದ ಕೋಲಾಯಿತು. ಸಾಲಿನಲ್ಲಿ ನಿಲ್ಲುವ ಕ್ಯೂ ಕೂಡ ಅದೇ ಬಾಲ. "ಚೆಂಡುಗೋಲು" ಅನ್ನಿ.

ಬದಿಯಡ್ಕದಿಂದ:

ಚೆಂಡುಗೋಲು ಚೆನ್ನಾಗಿದೆ, ಆದರೆ ಓದಿದವರಿಗೆ ಹಾಕಿ ನೆನಪಾಗುತ್ತದೆ. ಆಡುವ ಹುಡುಗರೆಲ್ಲ ಕ್ಯೂ ಅಂತಲೇ ಅನ್ನುತ್ತಾರೆ. "ಕ್ಯೂ ಕೋಲು" ಅಂತ ಬರೆದರೆ ಆಡದವರಿಗೂ ಗೊತ್ತಾಗುತ್ತದೆ. ಅದನ್ನು ಇಲ್ಲಿಗೇ ಬಿಡೋಣ. ನನಗೆ ಬೇಕಾದ್ದು ಮೆರುಗಿನ ಪದ.

ಮಂಜೇಶ್ವರದಿಂದ:

ನಾನು ಇಪ್ಪತ್ತು ವರ್ಷ ಮರಕ್ಕೆ ಪಾಲಿಶ್ ಹಾಕಿದವನು. ವ್ಯಾಕರಣ ನಿಮ್ಮಷ್ಟು ಗೊತ್ತಿಲ್ಲ. ಆದರೆ ಎಪಾಕ್ಸಿಯನ್ನು ಅರಗು ಅಂದರೆ ಸುಳ್ಳಾಗುತ್ತದೆ.

ಅರಗು ಬಿಸಿಗೆ ಮೆತ್ತಗಾಗುತ್ತದೆ, ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಇಂದು ಹಚ್ಚಿದ್ದನ್ನು ನಾಳೆ ಸ್ಪಿರಿಟ್ ಬಟ್ಟೆಯಲ್ಲಿ ಒರೆಸಿ ತೆಗೆಯಬಹುದು. ಎಪಾಕ್ಸಿ ಹಾಗಲ್ಲ. ಎರಡು ದ್ರವ ಸೇರಿ ಒಳಗೊಳಗೇ ಹೆಣೆದುಕೊಂಡು ಗಟ್ಟಿಯಾಗುತ್ತದೆ. ಒಮ್ಮೆ ಗಟ್ಟಿಯಾದರೆ ಮತ್ತೆ ಕರಗಿ ಮೊದಲಿನ ಹಾಗಾಗುವುದಿಲ್ಲ. ಅರಗದ್ದನ್ನು ಅರಗು ಅನ್ನುವುದಾ? ಅದೂ ಅಲ್ಲದೆ ಅರಗಿನ ಸಹಜ ಬಣ್ಣವೇ ಜೇನಿನ ಬಣ್ಣ. ಹಳದಿ ಬೇಡ ಅನ್ನುವ ಚೀಟಿಯಲ್ಲಿ ಅರಗು ಅಂತ ಬರೆಯುವುದು ಸರಿಯಲ್ಲ.

ತಿರುಗದೆ ನಿಂತ ಕೋಲಿಗೆ ಎಪಾಕ್ಸಿ ಹಚ್ಚಿದರೆ ಕೆಳಬದಿಗೆ ಇಳಿದು ಹನಿ ನಿಲ್ಲುತ್ತದೆ. ಅದಕ್ಕೇ ಲೇತನ್ನು ನಿಧಾನವಾಗಿ ತಿರುಗಿಸುತ್ತ ಹಚ್ಚಿ, ಗಟ್ಟಿಯಾಗುವವರೆಗೂ ತಿರುಗಿಸುತ್ತಲೇ ಇರುತ್ತಾರೆ. ಆಗ ಸುತ್ತ ಒಂದೇ ದಪ್ಪ ನಿಲ್ಲುತ್ತದೆ. ಅಷ್ಟು ದಪ್ಪಕ್ಕೆ ಸ್ವಲ್ಪ ಹಳದಿ ತಿರುಗಿದರೂ ಬಿಳಿ ಮೇಪಲ್ ಮೇಲೆ ಎದ್ದು ಕಾಣುತ್ತದೆ. ಬೀಟೆಯ ಮೇಲೆ ಆಗಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ತಮ್ಮನಿಗೆ ಇನ್ನೊಂದು ಮಾತು ಹೇಳಿ. ಸಾಮಾನ್ಯ ಎಪಾಕ್ಸಿಯ ರಾಳ, ಅಂದರೆ ರೆಸಿನ್, ಬಿಸ್ಫಿನಾಲ್ ಎ ಅನ್ನುವ ರಾಸಾಯನಿಕದಿಂದ ಮಾಡಿದ್ದು. ಬಿಸಿಲಿನ ಅತಿನೇರಳೆ ಕಿರಣಕ್ಕೆ ಅದು ಒಳಗಿನಿಂದಲೇ ಕೆಡುತ್ತದೆ. ಕಿರಣ ತಡೆಯುವ ಮದ್ದು ಬೆರೆಸಿದ ಎಪಾಕ್ಸಿ ಸಿಗುತ್ತದೆ, ಆದರೆ ಅದು ತಡಮಾಡುತ್ತದೆ ಅಷ್ಟೆ, ನಿಲ್ಲಿಸುವುದಿಲ್ಲ. ಎಪಾಕ್ಸಿಯಲ್ಲಿ ಮರದ ರಂಧ್ರ ತುಂಬಿಸಿ, ಸಮ ಮಾಡಿ, ಮೇಲೆ ಕಾರಿಗೆ ಹೊಡೆಯುವಂಥ ಅಲಿಫ್ಯಾಟಿಕ್ ಪಾಲಿಯುರಿಥೇನ್ ಕ್ಲಿಯರ್ ಕೋಟ್ ಕೊಡಲಿ. ಬಿಸಿಲನ್ನು ಅದು ತಡೆದುಕೊಳ್ಳುತ್ತದೆ. ಜೂನ್, ಜುಲೈಯಲ್ಲಿ ನಮ್ಮ ಕಡೆಯ ಗಾಳಿಯ ತೇವಕ್ಕೆ ಎಪಾಕ್ಸಿಯ ಮೇಲೆ ಜಿಡ್ಡಿನ ಪೊರೆ ಏಳುತ್ತದೆ. ನೀರಿನಲ್ಲಿ ತೊಳೆದು, ಒಣಗಿಸಿ, ಉಜ್ಜಿದ ಮೇಲೇ ಮುಂದಿನ ಕೋಟು.

ಹೊಸೂರಿನಿಂದ:

ಅರಗು ಬಿಟ್ಟೆ. ಒಪ್ಪಿದೆ. ಹಾರ್ಡನರ್‌ಗೆ "ಹೆಪ್ಪು" ಅನ್ನಿ. ಹಾಲನ್ನು ಗಟ್ಟಿ ಮಾಡುವುದು ಹೆಪ್ಪು. ಇದಕ್ಕಿಂತ ಒಳ್ಳೆಯ ಪದ ಯಾವ ಭಾಷೆಯಲ್ಲೂ ಸಿಗಲಾರದು.

ಮಂಜೇಶ್ವರದಿಂದ:

ದಯವಿಟ್ಟು ಬೇಡ. ಹೆಪ್ಪು ಅಂದರೆ ಒಂದು ಚಮಚ. ಸ್ವಲ್ಪ ಹೆಚ್ಚುಕಡಿಮೆಯಾದರೂ ಮೊಸರಾಗುತ್ತದೆ. ಹಾರ್ಡನರ್ ಅಳತೆಯ ವಸ್ತು. ಎರಡಕ್ಕೆ ಒಂದು ಅಂತ ಡಬ್ಬಿಯಲ್ಲಿದ್ದರೆ ಎರಡಕ್ಕೆ ಒಂದೇ ಹಾಕಬೇಕು. ಕಮ್ಮಿಯಾದರೆ ಅಂಟಂಟಾಗಿ ಉಳಿಯುತ್ತದೆ, ಜಾಸ್ತಿ ಹಾಕಿದರೂ ಸರಿ ಗಟ್ಟಿಯಾಗುವುದಿಲ್ಲ. ಗೋಡೆಯ ಮೇಲೆ ಹೆಪ್ಪು ಅಂತ ನೋಡಿದ ಹುಡುಗ ಕಣ್ಣಂದಾಜಿನಲ್ಲಿ ಸುರಿದರೆ ಒಂದು ವಾರದ ಕೆಲಸ ಹಾಳು.

ಅಕ್ಕಲಕೋಟೆಯಿಂದ:

ಎಲ್ಲರೂ ನಾಮಪದದ ಹಿಂದೆ ಬಿದ್ದಿದ್ದೀರಿ. ತೊಂದರೆ ಇರುವುದು "ಹಳದಿಗಟ್ಟದ" ಅನ್ನುವಲ್ಲಿ.

ಪದ ಒಳ್ಳೆಯದೇ. ಪಾಚಿಗಟ್ಟು, ಹೆಪ್ಪುಗಟ್ಟು, ಕಪ್ಪುಗಟ್ಟು ಇದ್ದ ಹಾಗೆ. "ಮಾಸು" ಅಂದರೆ ಹೊರಗಿನ ಕೊಳೆ ನೆನಪಾಗುತ್ತದೆ. "ಗಟ್ಟು" ಅಂದಾಗ ವಸ್ತುವೇ ಹಾಗಾಗುತ್ತದೆ ಅನ್ನುವ ಭಾವ ಬರುತ್ತದೆ. ಮಂಜೇಶ್ವರದ ಅಣ್ಣ ಹೇಳಿದ ಒಳಗಿನ ಕೇಡಿಗೆ ಸರಿಯಾಗಿದೆ. ಹಳದಿ ಎರವಲು ಅಂತ ಯಾರಾದರೂ ಅರಿಸಮಾಸ ಎತ್ತುವ ಮೊದಲೇ ಹೇಳುತ್ತೇನೆ, ಇದು ಕ್ರಿಯಾಸಮಾಸ. ಅಲ್ಲಿ ಆ ದೋಷವಿಲ್ಲ.

ಆದರೆ ನಮ್ಮ ನಿಷೇಧ ಕೃದಂತಕ್ಕೆ, ಅಂದರೆ ಮಾಡದ, ಬಾರದ ಅನ್ನುವಂಥ ರೂಪಕ್ಕೆ, ಕಾಲ ಇಲ್ಲ. ಹಳದಿಗಟ್ಟುವ, ಹಳದಿಗಟ್ಟಿದ ಅಂತ ಬೇರೆಬೇರೆ ಇವೆ. ಹಳದಿಗಟ್ಟದ ಮಾತ್ರ ಒಂದೇ. ನಿನ್ನೆ ಗಟ್ಟಲಿಲ್ಲ, ಇಂದು ಗಟ್ಟುವುದಿಲ್ಲ, ಮುಂದೆಂದೂ ಗಟ್ಟದು, ಎಲ್ಲವೂ ಅದರಲ್ಲೇ. ಬಾಡದ ಹೂವು, ಬತ್ತದ ಕೆರೆ ಅನ್ನುವಾಗ ನಾವು ಎಂದೆಂದಿಗೂ ಅಂತಲೇ ಓದಿಕೊಳ್ಳುತ್ತೇವೆ. ಎಪಾಕ್ಸಿಯೇ ತಡಮಾಡುತ್ತದೆ ಅಷ್ಟೆ ಅನ್ನುವಾಗ, ಚೀಟಿಯಲ್ಲಿ ಎಂದೆಂದಿಗೂ ಅಂತ ಮಾತು ಕೊಡುವುದಾ ತಂಗಿ? "ಬೇಗ" ಸೇರಿಸಿ. ಕ್ರಿಯಾಪದ ಪೂರ್ತಿ ಬರೆಯಿರಿ.

ಮೆರುಗಿಗೆ ನಮ್ಮ ಕಡೆಯ ಹಳೇ ಬಡಗಿಗಳು ಮರಾಠಿಯ "ರೋಗಣ" ಅನ್ನುತ್ತಾರೆ. ಪಾರಸಿಯಲ್ಲಿ ಅದರ ಮೂಲದ ಅರ್ಥ ಎಣ್ಣೆ. ಕನ್ನಡದ ಮೆರುಗೆಣ್ಣೆಯಲ್ಲೂ ಎಣ್ಣೆಯೇ ಇದೆ. ಯಾರು ಯಾರಿಂದ ತಂದರು ಅಂತ ಜಗಳ ಯಾಕೆ?

ಹೊಸೂರಿನಿಂದ:

ಜಗಳ ಬೇಕು. ಗಡಿಯಲ್ಲಿ ಕೂತು ಪದ ಬಿಟ್ಟುಕೊಡುತ್ತ ಹೋದರೆ ಕೊನೆಗೆ ಲಿಪಿ ಮಾತ್ರ ಉಳಿಯುತ್ತದೆ. ಇಲ್ಲಿ ನನ್ನ ಮೊಮ್ಮಕ್ಕಳು ಕನ್ನಡ ಓದುವುದು ಮನೆಯಲ್ಲಿ ನಾನು ಕೂರಿಸಿಕೊಂಡು ಕಲಿಸಿದರೆ ಮಾತ್ರ.

ಕುಂಬಳೆಯಿಂದ:

ಗೊತ್ತಿಲ್ಲದ ಪದ ಹಾಕಿದರೆ ಓದುವವರು ಪಕ್ಕದ ಸಾಲಿಗೆ ಹೋಗುತ್ತಾರೆ. ಆಗ ಲಿಪಿಯೂ ಉಳಿಯುವುದಿಲ್ಲ.

ಬದಿಯಡ್ಕದಿಂದ:

ಇಬ್ಬರ ಮಾತೂ ನನಗೆ ನೋವಿನ ಮಾತೇ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಮಹಾಜನ ಆಯೋಗ 1967ರಲ್ಲಿ ಚಂದ್ರಗಿರಿ ಹೊಳೆಯ ಬಡಗು ದಿಕ್ಕನ್ನು ಕರ್ನಾಟಕಕ್ಕೆ ಕೊಡಬೇಕು ಅಂದಿತು, ಅದು ಆಗಲಿಲ್ಲ. ಅಂದಿನಿಂದ ಒಂದೊಂದು ಫಲಕಕ್ಕೂ ಅರ್ಜಿ ಕೊಟ್ಟು ಕನ್ನಡದ ಸಾಲು ಹಾಕಿಸಿಕೊಂಡವರು ನಾವು. ಹಾಕಿದ ಮೇಲೆ ನೋಡಿದರೆ ಎಷ್ಟೋ ಕಡೆ ಮಲಯಾಳದ ಪದಕ್ಕೇ ಕನ್ನಡ ಅಕ್ಷರ ತೊಡಿಸಿರುತ್ತಾರೆ. ಅದನ್ನು ಓದಿ ಬೇಸರಪಟ್ಟು ಬೆಳೆದವಳು ನಾನು. ನನ್ನ ತಮ್ಮನ ಚೀಟಿಯಲ್ಲಾದರೂ ಕನ್ನಡ ಕನ್ನಡದ ಹಾಗೆ ಇರಲಿ ಅಂತ ಆಸೆ. ಎಪಾಕ್ಸಿಗೆ ಎಪಾಕ್ಸಿ ಅಂದರೆ ಆ ಆಸೆಗೆ ಏನೂ ಕಡಿಮೆಯಾಗುವುದಿಲ್ಲ. ವಾಕ್ಯ ನಮ್ಮದಾಗಿರಬೇಕು.

ಹಾರ್ಡನರ್‌ಗೆ ಪದ ಶೆಡ್ಡಿನಲ್ಲೇ ಸಿಕ್ಕಿತು. ಹುಡುಗರಿಬ್ಬರೂ ಮಳೆಗಾಲದಲ್ಲಿ ಅಡಿಕೆಗೆ ಮದ್ದು ಬಿಡುವವರು. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಅಂತ ನಿದ್ದೆಯಲ್ಲಿ ಕೇಳಿದರೂ ಹೇಳುತ್ತಾರೆ. ಮದ್ದು ಅಂದ ಕೂಡಲೇ ಅವರ ಕೈ ಅಳತೆಯ ಪಾತ್ರೆ ಹುಡುಕುತ್ತದೆ. ಹಾಗಾಗಿ "ಗಟ್ಟಿಮದ್ದು". ಗೋಡೆಗೆ ಬರೆದದ್ದು: "ರಾಳ ಎರಡು ಅಳತೆ, ಗಟ್ಟಿಮದ್ದು ಒಂದು ಅಳತೆ. ಕಣ್ಣಂದಾಜು ಬೇಡ."

ಚೀಟಿಗೆ ಕಳಿಸಿದ್ದು: "ಈ ಕ್ಯೂ ಕೋಲಿಗೆ ಎಪಾಕ್ಸಿಯ ತಿಳಿಮೆರುಗು ಕೊಟ್ಟಿದೆ. ಬೇಗ ಹಳದಿಗಟ್ಟುವುದಿಲ್ಲ. ಬಿಸಿಲು ಬೀಳುವಲ್ಲಿ ಇಡಬೇಡಿ." ತಿಳಿಯೂ ಹಳದಿಯೂ ಈಗ ಬೇರೆಬೇರೆ ವಾಕ್ಯದಲ್ಲಿವೆ. ತಮ್ಮ ಎರಡು ಸಲ ಓದಿದ, ಏನೂ ಕೇಳಲಿಲ್ಲ. ಮಲಯಾಳದ ಸಾಲಿಗೂ "ಬೇಗ" ಸೇರಿಸಬೇಕು ಅಂತ ಪ್ರೆಸ್ಸಿಗೆ ಫೋನ್ ಮಾಡಲು ಹೋಗಿದ್ದಾನೆ.

ಹೊಸೂರಿನಿಂದ:

ಗಟ್ಟಿಮದ್ದು ಬರೆದುಕೊಂಡೆ.