‘ಕುಳ್ಳಿರಿ’ ಎಂದರಷ್ಟೇ ಸಾಕೇ? ನಿರಾಶ್ರಿತರ ಕುರಿತ ಕವಿತೆಯ ದನಿ

ಮಾಟುಂಗದ ಓದುಗ: ಇಂಗ್ಲಿಷ್ ಕವಿ ಡಬ್ಲ್ಯೂ. ಎಚ್. ಆಡೆನ್ 1939ರಲ್ಲಿ ಬರೆದ ‘ರೆಫ್ಯೂಜಿ ಬ್ಲೂಸ್’ ಕವಿತೆಯಲ್ಲಿ ನೆಲೆ ಕಳೆದುಕೊಂಡ ಜರ್ಮನ್ ಯಹೂದಿಯೊಬ್ಬ ಮಾತನಾಡುವುದು ನಮ್ಮೊಡನೆ ಅಲ್ಲ, ತನ್ನ ಸಂಗಾತಿಯೊಡನೆ. ಪ್ರತಿ ನುಡಿಯ ಕೊನೆಯ ಸಾಲಿನಲ್ಲೂ ನಮ್ಮ ‘ಕಣೇ’ಯಂಥ ಆಪ್ತ ಸಂಬೋಧನೆಯಿದೆ. ಅವನು ಯಾರಲ್ಲಿಯೂ ಅಂಗಲಾಚದಿರುವುದರಿಂದಲೇ ಅವನ ಮೇಲೆ ಗೌರವ ಹುಟ್ಟುತ್ತದೆ ಎಂಬುದು ನನ್ನ ನಂಬಿಕೆ.

ಪುಣೆಯ ಅಧ್ಯಾಪಕಿ: ನಾನು ಒಪ್ಪಲಾರೆ. ತಗ್ಗಿದ ದನಿಯನ್ನು ಕೇಳಿದವರು ಕಣ್ಣೊರೆಸಿಕೊಂಡು ಎದ್ದುಹೋಗಬಹುದು. ಬಸವಣ್ಣನವರು ಬಂದವರ ದುಃಖವನ್ನು ಬಣ್ಣಿಸದೆ ಮನೆಯೊಡೆಯನನ್ನೇ ನೇರವಾಗಿ ಕೇಳುತ್ತಾರೆ: ‘ಕುಳ್ಳಿರೆಂದರೆ ನೆಲ ಕುಳಿಹೋಹುದೆ? ಒಡನೆ ನುಡಿದರೆ ಸಿರ ಹೊಟ್ಟೆಯೊಡೆವುದೆ?’ ವಚನದ ಕೊನೆಗೆ ಮೂಗು ಕೊಯ್ಯುವ ಮಾತೇ ಬರುತ್ತದೆ. ಆ ಸಿಟ್ಟಿಲ್ಲದಿದ್ದರೆ ಅದು ಬರಿಯ ಶಿಷ್ಟಾಚಾರದ ಪಾಠವಾಗುತ್ತಿತ್ತು.

ಡೊಂಬಿವಲಿಯಿಂದ: ಆದರೆ ಮೇಡಂ, ಆಡೆನ್ನನ ಕವಿತೆಯಲ್ಲಿ ಆ ಯಹೂದಿ ನೆಲೆ ಕೇಳಿ ಹೋಗುವ ಸಮಿತಿಯವರು ಕುರ್ಚಿ ಕೊಟ್ಟು ಕೂರಿಸುತ್ತಾರೆ, ‘ಮುಂದಿನ ವರ್ಷ ಬನ್ನಿ’ ಎಂದು ವಿನಯದಿಂದಲೇ ಹೇಳುತ್ತಾರೆ. ಇಂದು ಎಲ್ಲಿಗೆ ಹೋಗುವುದೆಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಕವಿ ಆ ವಿನಯವನ್ನು ಖಂಡಿಸದೆ, ಇದ್ದಂತೆಯೇ ನಮ್ಮ ಮುಂದಿಡುತ್ತಾನೆ. ನನಗೆ ಅದೇ ಕವಿತೆಯಲ್ಲಿ ಮೇಜು ಗುದ್ದಿದ ರಾಯಭಾರ ಅಧಿಕಾರಿ ಕಾನ್ಸಲ್‌ನಿಗಿಂತ ಈ ಸಮಿತಿಯೇ ಹೆಚ್ಚು ಭಯಾನಕವಾಗಿ ಕಾಣುತ್ತದೆ.

ಉಲ್ಲಾಸನಗರದ ನಿವಾಸಿ: ದೇಶವಿಭಜನೆಯ ನಂತರ ಸಿಂಧಿಗಳು ಬಂದಿಳಿದ ಸೈನಿಕ ಶಿಬಿರಗಳೇ ನಮ್ಮ ಊರಾದವು, ಇಂದಿಗೂ ಇಲ್ಲಿ ವಿಳಾಸಗಳಲ್ಲಿ ‘ಕ್ಯಾಂಪ್’ ಎಂಬ ಪದವಿದೆ. ಹಿಂದಿಯಲ್ಲಿ ನಿರಾಶ್ರಿತನೆಂದರೆ ‘ಶರಣಾರ್ಥಿ’. ವಿಜಯಪುರದ ಕಡೆಯವನಾದ ನನ್ನ ಕಿವಿಗೆ ಅದು ‘ಶರಣು ಶರಣಾರ್ಥಿ’ ಎಂಬ ನಮಸ್ಕಾರವಾಗಿಯೇ ಕೇಳುತ್ತದೆ. ಅಲ್ಲಿ ಕೈಯೊಡ್ಡಿದವನ ಹೆಸರು, ಇಲ್ಲಿ ಎದುರಿಗಿರುವವನಿಗೆ ಕೈಮುಗಿಯುವ ಮಾತು. ಅಕ್ಷರಗಳು ಅವೇ ಆದರೂ ದನಿ ಎಷ್ಟು ಬೇರೆ!

ಪುಣೆಯ ಅಧ್ಯಾಪಕಿ: ಡೊಂಬಿವಲಿಯವರ ಮಾತು ನನ್ನನ್ನು ಕಾಡಿತು. ವಚನದಲ್ಲಿ ‘ಕೊಡಲಿಲ್ಲದಿದ್ದರೊಂದು ಗುಣವಿಲ್ಲದಿದ್ದರೆ’ ಎಂದಿದೆ. ಕೊಡಲು ಏನೂ ಇಲ್ಲದವನಿಗೆ ಉಳಿದಿರುವುದು ಆ ಗುಣ, ಬಂದವರನ್ನು ಆದರದಿಂದ ಮಾತನಾಡಿಸುವ ಗುಣ. ಸಮಿತಿಯ ಬಳಿ ಕೊಡಲು ಅವಕಾಶವಿತ್ತು, ಆದರೂ ಅದು ಗುಣವನ್ನಷ್ಟೇ ತೋರಿಸಿತು. ಸಿಟ್ಟಿಲ್ಲದ ದನಿಯೂ ಇದನ್ನು ಕಾಣಿಸಬಲ್ಲದೆಂದು ಒಪ್ಪುತ್ತೇನೆ.

ಮಾಟುಂಗದ ಓದುಗ: ನಾನೂ ಒಂದು ಹೆಜ್ಜೆ ಹಿಂದೆ ಸರಿಯುತ್ತೇನೆ. ಈ ಎರಡನ್ನೂ ಒಂದೇ ಸಂಜೆ ಗಟ್ಟಿಯಾಗಿ ಓದಬೇಕು, ಮೊದಲು ಆಡೆನ್, ಆಮೇಲೆ ವಚನ.